ಕೆಳಗೆ ನಿಂತವನು

ಮನೆಯಿಂದ,
ಭಾನುವಾರ ಮಧ್ಯಾಹ್ನ

ನಮ್ಮ ಮನೆಯ ಯಜಮಾನತಿಗೆ, ಪ್ರೀತಿಯಿಂದ,

ಹೇಗಿದ್ದೀಯ? ಮಗಳು ಎದ್ದು ಓಡಾಡುತ್ತಿದ್ದಾಳಾ? ಕೂಸು ಹೊಟ್ಟೆ ತುಂಬ ಹಾಲು ಕುಡಿಯುತ್ತಿದೆಯಾ? ಅಳಿಯ ಕಳಿಸಿದ ಫೋಟೊ ನೋಡಿದೆ. ಬೋಳು ತಲೆ, ಅಗಲ ಹಣೆ, ಮುಖದಲ್ಲಿ ಇಡೀ ಲೋಕದ ಮೇಲಿನ ಸಿಟ್ಟು; ನನ್ನ ಮೊಮ್ಮಗನೇ ಸರಿ, ಇದರಲ್ಲಿ ಯಾರೂ ತಕರಾರು ತೆಗೆಯುವಂತಿಲ್ಲ. ನೀನು ಊಟ ನಿದ್ದೆ ಬಿಟ್ಟು ಬಾಣಂತಿಯ ಸೇವೆಗೆ ನಿಂತಿರುತ್ತೀಯ ಎಂದು ನನಗೆ ಗೊತ್ತು. ಸ್ವಲ್ಪ ಕೂತುಕೋ ಮಾರಾಯ್ತಿ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ನನಗೆ ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಕೂತು ಬರೆದರೆ ಸೊಂಟ ಸುಮ್ಮನಿರುವುದಿಲ್ಲವಲ್ಲ, ಫ್ರಿಜ್ಜಿನ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಮೊದಲು ಡಾಕ್ಟರ ಸುದ್ದಿ. ನೀನು ಹೊರಟ ಮೇಲೆ, ದೊಡ್ಡ ಆಸ್ಪತ್ರೆಯಿಂದ ಬರುವ ಮೂಳೆ ಡಾಕ್ಟರ ಹತ್ತಿರ ಹೋಗಿ ಬಂದೆ. ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದು, ಹಳೇ ಮನೆಯ ಗೋಡೆ ನೋಡುವ ಮೇಸ್ತ್ರಿಯ ಹಾಗೆ ಲೊಚಗುಟ್ಟಿದರು. ಬೆನ್ನುಮೂಳೆ ಒಂದು ಕಡೆ ಅಲ್ಲ, ಮೇಲಿನಿಂದ ಕೆಳಗೆ ಹಲವು ಕಡೆ ಸವೆದಿದೆಯಂತೆ. ಆಪರೇಷನ್ ಮಾಡಿದರೆ ಒಳ್ಳೆಯದಾಗುವುದಕ್ಕಿಂತ ಕಾಲು ಕಳೆದುಕೊಳ್ಳುವ ಭಯವೇ ಹೆಚ್ಚಂತೆ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿದೆ, ಇನ್ನು ಅದೂ ಬೇಡವೆಂದರು. ವ್ಯಾಯಾಮ ಹೇಳಿಕೊಡುತ್ತಿದ್ದ ಆ ಹುಡುಗಿ ಬೇರೆ ಕಡೆ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದಾಳೆ, ಅವಳ ಕೋಣೆಗೆ ಬೀಗ. ಕೊನೆಗೆ, "ಇದರ ಜೊತೆ ಸಂಸಾರ ಮಾಡೋದು ಕಲೀರಿ ಯಜಮಾನ್ರೇ" ಎಂದರು. "ಇರೋ ಒಂದು ಸಂಸಾರದಲ್ಲೇ ಸಾಕಾಗಿದೆ ಸಾರ್" ಎಂದು ನಗಿಸಿ ಬಂದೆ. ಮೆಟ್ಟಿಲಿಳಿಯುವಾಗ ನನಗೇ ನಗು ಬರಲಿಲ್ಲ.

ಸರಿ, ಕಲಿತೆ. ಏಳುವಾಗ ಮಗ್ಗುಲಾಗಿ, ಕಾಲು ಮೊದಲು ಕೆಳಗಿಳಿಸಿ, ಆಮೇಲೆ ಮೈ. ಕೆಮ್ಮು ಬಂದರೆ ಗೋಡೆ ಹಿಡಿಯುವುದು. ಸಂಜೆ ನೆಲದ ಮೇಲೆ ಮಲಗಿ ಕಾಲನ್ನು ಕುರ್ಚಿಯ ಮೇಲೆ ಹಾಕಿ, ಸೊಂಟದ ಕೆಳಗೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ನೋವು ಸ್ವಲ್ಪ ಹೊತ್ತು ದೂರ ಹೋಗಿ ಕೂರುತ್ತದೆ. ಪೂರ್ತಿ ಹೋಗುವುದಿಲ್ಲ. ಹೀಗೆ ನಡೆಸಿಕೊಂಡು ಹೋಗಬಲ್ಲೆ, ಇಷ್ಟು ವರ್ಷ ಸಾಮಾನು ಹೊತ್ತವನು ಇದನ್ನೂ ಹೊರಬಲ್ಲೆ ಎಂದು ಧೈರ್ಯ ಮಾಡಿಕೊಂಡಿದ್ದೆ. ಗುರುವಾರದವರೆಗೆ.

ಗುರುವಾರ ಒಬ್ಬ ನಿವೃತ್ತ ಟೀಚರಮ್ಮನ ಮನೆ ಖಾಲಿ ಮಾಡುವ ಕೆಲಸವಿತ್ತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಕೊನೆಗೆ ಉಳಿದದ್ದು ಅವರ ತಾಯಿಯ ಕಾಲದ ಮರದ ಬೀರು, ಬಾಗಿಲಿಗೆ ಆಳೆತ್ತರದ ಕನ್ನಡಿ ಬೇರೆ. ನಾನು ಮತ್ತು ನಮ್ಮ ಉದ್ದಣ್ಣ, ಇಬ್ಬರೇ. ಮೆಟ್ಟಿಲ ಮೇಲೆ ಸಾಮಾನು ಹೊರುವಾಗ ಮೇಲಿದ್ದವನು ಹಿಡಿದುಕೊಳ್ಳುತ್ತಾನೆ, ಕೆಳಗಿದ್ದವನು ಹೊರುತ್ತಾನೆ. ಹತ್ತಲಿ ಇಳಿಯಲಿ, ಭಾರವೆಲ್ಲ ಕೆಳಗಿನವನದೇ. ಮೊದಲೆಲ್ಲ ನಾವು ಸರದಿಯ ಮೇಲೆ ನಿಲ್ಲುತ್ತಿದ್ದೆವು. ಈಚೆಗೆ ಅವನೇ ಯಾವಾಗಲೂ ಕೆಳಗೆ. "ನೀನು ಮೇಲಿರಣ್ಣ, ದಾರಿ ನೋಡು. ನಿನ್ನ ಕಣ್ಣಷ್ಟು ಚುರುಕು ಯಾರದ್ದೂ ಇಲ್ಲ" ಎನ್ನುತ್ತಿದ್ದ. ಕನ್ನಡಕ ಹಾಕುವ ನಾನು ಆ ಮಾತಿಗೆ ಉಬ್ಬಿ ಹೋಗುತ್ತಿದ್ದೆ ನೋಡು!

ಎರಡನೇ ಮಹಡಿಯ ತಿರುವಿನಲ್ಲಿ ಬೀರು ತಟ್ಟನೆ ನಿಂತಿತು. ಕೂಗಿಲ್ಲ, ಸದ್ದಿಲ್ಲ. "ಏನೋ, ಅಲ್ಲೇ ನಿದ್ದೆ ಹೋದ್ಯಾ?" ಎಂದು ಗದರಿದೆ. ಕತ್ತು ಚಾಚಿ ಬಗ್ಗಿ ನೋಡಿದರೆ, ಬೀರು ಅವನ ಎದೆಗೆ ಒರಗಿದೆ, ಅವನ ಬೆನ್ನು ಗೋಡೆಗೆ ಒರಗಿದೆ, ಮುಖ ಸುಣ್ಣದ ಹಾಗೆ ಬೆಳ್ಳಗಾಗಿದೆ. ಯಾರಾದರೂ ಗಂಟೆ ಎಷ್ಟೆಂದು ಕೇಳಿದರೆ ಹೇಳುವಷ್ಟು ಮೆಲ್ಲಗೆ, "ನನ್ನ ಕಾಲು ನಂಗೇ ಗೊತ್ತಾಗ್ತಿಲ್ಲ ಕಣಣ್ಣ" ಎಂದ.

ಬೀರುವಿಗೆ ಬಿಗಿದು ನಾನು ಕೈಯಲ್ಲಿ ಹಿಡಿದಿದ್ದ ಪಟ್ಟಿಯನ್ನು ಮೆಟ್ಟಿಲ ಕಂಬಿಗೆ ಸುತ್ತಿ, ಹಿಂದಕ್ಕೆ ಜಗ್ಗಿ ಕೂತುಬಿಟ್ಟೆ. ಸೊಂಟದಲ್ಲಿ ಕಾದ ಸಲಾಕೆ ಇಟ್ಟಂತಾಯಿತು. ಗಂಟಲು ಹರಿಯುವ ಹಾಗೆ ಕೂಗಿದೆ. ಕೆಳಗಿನ ಮನೆಯ ಅಪ್ಪ ಮಗ ಓಡಿ ಬಂದರು, ಟೀಚರಮ್ಮ ಸೆರಗು ಬಿಗಿದುಕೊಂಡು ತಾವೂ ಕೈಹಾಕಿದರು. ಎಲ್ಲರೂ ಸೇರಿ ಬೀರುವನ್ನು ಪಕ್ಕಕ್ಕೆ ಸರಿಸಿದಾಗ ನಮ್ಮ ಉದ್ದಣ್ಣ, ಬಾಗಿಲು ದಾಟುವಾಗ ತಲೆ ತಗ್ಗಿಸುವ ಆ ಆಳು, ಒಗೆದ ಬಟ್ಟೆಯ ಹಾಗೆ ಮುದುಡಿ ಮೆಟ್ಟಿಲ ಮೇಲೆ ಬಿದ್ದ. ಕನ್ನಡಿಗೆ ಒಂದು ಗೀರೂ ಆಗಿರಲಿಲ್ಲ. ಅದರಲ್ಲಿ ಅವನ ಮುಖ, ನನ್ನ ಮುಖ ಎರಡೂ ಕಾಣುತ್ತಿದ್ದವು. ನಾನು ಬೇರೆ ಕಡೆ ತಿರುಗಿಕೊಂಡೆ.

ಗಾಬರಿಯಾಗಬೇಡ, ಜೀವಕ್ಕೆ ಏನೂ ಇಲ್ಲ. ಅಂದೇ ದೊಡ್ಡ ಆಸ್ಪತ್ರೆಗೆ ಒಯ್ದರು, ಆಪರೇಷನ್ ಆಯಿತು. ಅವನದು ಒಂದೇ ಕಡೆ ಕೆಟ್ಟಿತ್ತು, ಅದಕ್ಕೆ ಕೈಹಾಕುವಂತಿತ್ತಂತೆ. ನಿನ್ನೆ ಕಾಲ್ಬೆರಳು ಅಲ್ಲಾಡಿಸಿದ. ಆದರೆ ಇನ್ನು ಅವನು ಭಾರ ಎತ್ತುವ ಮಾತಿಲ್ಲ.

ಇನ್ನು ನಾನು ಹೇಳಬೇಕಾದದ್ದು. ಆಸ್ಪತ್ರೆಯ ವರಾಂಡದಲ್ಲಿ ಅವನ ಹೆಂಡತಿ ನನ್ನ ಪಕ್ಕ ಕೂತಿದ್ದಳು. ಆ ಹುಡುಗಿ ಎಂದಾದರೂ ದನಿ ಎತ್ತಿ ಮಾತಾಡಿದ್ದುಂಟೇ? ಅವತ್ತೂ ನೆಲ ನೋಡುತ್ತಲೇ ಹೇಳಿದಳು: "ಇವ್ರು ಎಷ್ಟೋ ದಿನದಿಂದ ಸೊಂಟಕ್ಕೆ ಬೆಲ್ಟು ಕಟ್ಕೊಂಡೇ ಕೆಲಸಕ್ಕೆ ಬರ್ತಿದ್ರು ಭಾವ. ಬಿಟ್ಬಿಡಿ ಅಂದ್ರೆ, ಅತ್ತಿಗೆಗೆ ಮಾತು ಕೊಟ್ಟಿದೀನಿ ಅಂತಿದ್ರು."

"ಯಾವ ಮಾತಮ್ಮ?" ಎಂದೆ.

"ನಿಮ್ಮನ್ನ ಕೆಳಗೆ ನಿಲ್ಲಿಸಲ್ಲ ಅಂತ. ಅಕ್ಕ ಬಂದು ಕೇಳ್ಕೊಂಡಿದ್ರಲ್ಲ... ನಿಮಗೆ ಗೊತ್ತಿದೆ ಅನ್ಕೊಂಡಿದ್ದೆ."

ನಿನಗೆ ಗೊತ್ತಲ್ಲ, ಸಂಜೆ ಬಂದು ಅಂಗಿ ಬಿಚ್ಚುವಾಗ ನಾನು ಏನು ಹೇಳುತ್ತಿದ್ದೆ? "ನೋಡೇ, ಇಷ್ಟು ನೋವಿದ್ರೂ ಒಂದಿನ ಹಿಂದೆ ಬಿದ್ದಿಲ್ಲ." ನೀನು ಎಣ್ಣೆ ತಿಕ್ಕುತ್ತ "ಹೂಂ" ಎನ್ನುತ್ತಿದ್ದೆ. ಆ "ಹೂಂ"ನೊಳಗೆ ಇಷ್ಟೆಲ್ಲ ಇತ್ತೇ? ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಿನ್ನ ಮೇಲೆ, ಅವನ ಮೇಲೆ, ಆ ಬೀರುವಿನ ಮೇಲೂ. ನೇರ ಅವನ ಮಂಚದ ಹತ್ತಿರ ಹೋಗಿ, ನನಗೇಕೆ ಹೇಳಲಿಲ್ಲವೆಂದು ಕೇಳಿದೆ. ಮಲಗಿದ್ದವನು ನಕ್ಕ. "ಅತ್ತಿಗೆ ಕೇಳದಿದ್ರೂ ನಾನೇ ನಿಲ್ತಿದ್ದೆ ಬಿಡಣ್ಣ. ನೀನು ಕೆಳಗಿದ್ದಿದ್ರೆ ಸಾಮಾನೂ ಬೀಳೋದು, ನಾನೂ ಬೀಳೋದು, ನಮ್ಮಿಬ್ಬರ ಹೆಸರೂ ಬೀಳೋದು" ಎಂದ. ಆಮೇಲೆ ನಗು ನಿಲ್ಲಿಸಿ, "ಅತ್ತಿಗೆಗೆ ಬೈಬೇಡ. ಅವತ್ತು ಅತ್ಕೊಂಡು ಬಂದಿದ್ರು" ಎಂದ.

ಬೈಯುವುದಿಲ್ಲ. ಬೈಯಲು ಕೂತರೆ ಎಲ್ಲಿಂದ ಶುರುಮಾಡಲಿ? ಅವನು ಮುರಿದುಬೀಳಲೆಂದು ನೀನು ಕೇಳಿದ್ದಲ್ಲ, ನಾನು ಮುರಿದುಬೀಳಬಾರದೆಂದು ಕೇಳಿದ್ದು. ಆದರೂ ನನ್ನ ನೋವು ನನ್ನೊಬ್ಬನದೇ ಎಂದು ನಂಬಿಕೊಂಡು ಓಡಾಡಿದೆನಲ್ಲ, ಅದು ಇನ್ನೂ ಅರಗುತ್ತಿಲ್ಲ. ನಿನ್ನೆ ಮಾಲೀಕನ ಹತ್ತಿರ ಎಲ್ಲ ಹೇಳಿಬಿಟ್ಟೆ: ಇನ್ನು ಮೆಟ್ಟಿಲ ಮೇಲೆ ಹೊರಲಾರೆ, ಕೆಳಗೂ ನಿಲ್ಲಲಾರೆ, ಮೇಲೂ ನಿಲ್ಲಲಾರೆ. ಹಾರಾಡಿದ, ಕೂಗಾಡಿದ. ಆಮೇಲೆ ಗೋದಾಮಿನಲ್ಲಿ ಪಿಂಗಾಣಿ, ಗಾಜಿನ ಸಾಮಾನು ಕಟ್ಟುವ ಮೇಜಿನ ಕೆಲಸ ಕೊಟ್ಟ. ಉದ್ದಣ್ಣ ಏಳುವಂತಾದ ಮೇಲೆ ಅವನಿಗೂ ಅದೇ ಮೇಜಿನ ಆಚೆ ಬದಿಯಲ್ಲಿ ಜಾಗ ಬೇಕೆಂದೆ. ನೋಡೋಣವೆಂದಿದ್ದಾನೆ. ಒಪ್ಪುವವರೆಗೂ ನಾನು ಬಿಡುವುದಿಲ್ಲ. ದಿನಾ ಆಸ್ಪತ್ರೆಗೆ ಹೋಗಿ ಅವನಿಗೆ ಮಗ್ಗುಲಾಗಿ ಏಳುವುದನ್ನು ಹೇಳಿಕೊಡುತ್ತಿದ್ದೇನೆ. ಈ ವಿದ್ಯೆಯಲ್ಲಿ ನಾನೇ ಹಿರಿಯ.

ಕೂಸಿಗೆ ಅಜ್ಜನ ಮುತ್ತು. ಮಗಳಿಗೆ, ಅಳಿಯನಿಗೆ ಆಶೀರ್ವಾದ. ಉದ್ದಣ್ಣನಿಗೆ ನೀನೇ ಒಂದು ಫೋನ್ ಮಾಡು, ಅವನು ಕಾಯುತ್ತಿದ್ದಾನೆ.

ನಿನ್ನವನೇ ಆದ,
ಬೋಳುತಲೆಯ ಅಜ್ಜ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮಗಳ ಫೋನ್ ಬಂತು. ನೀನು ಬಚ್ಚಲಲ್ಲಿದ್ದೆಯಂತೆ, ಅದಕ್ಕೇ ಮೆಲ್ಲಗೆ ಹೇಳಿದಳು. ಬೆಳಿಗ್ಗೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಏಳುತ್ತೀಯಂತೆ, ಮಗುವನ್ನು ಎತ್ತಿಕೊಂಡು ಬಗ್ಗಿದರೆ ಹಲ್ಲು ಕಚ್ಚುತ್ತೀಯಂತೆ, ಸೀರೆಯ ಒಳಗೆ ಬೆಲ್ಟು ಕಟ್ಟಿರುತ್ತೀಯಂತೆ. ಯಾವಾಗಿನಿಂದ ಇದು? ನನಗೆ ಸೊಂಟ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಯಾರು ಸರಿಸುತ್ತಿದ್ದರು, ನೀರಿನ ಕೊಡ ಯಾರು ಎತ್ತುತ್ತಿದ್ದರು ಎಂದು ಈಗ ಯೋಚಿಸುತ್ತಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ, ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ. ಅಲ್ಲಿಯವರೆಗೆ ಮಗುವಿನ ಸ್ನಾನದ ಬಕೆಟ್ ಮುಟ್ಟಬೇಡ, ಅಳಿಯನನ್ನು ಕೂಗು. ಕೂಗಲು ಸಂಕೋಚವಾದರೆ, ಮಾವ ಹೇಳಿದ್ದಾರೆ ಅನ್ನು.