ಮಾಂಸದ ಗುಡಿಸಲಿನಲ್ಲಿ ತೂಗಿದ ಬಸುರಿ

ಉತ್ತರ ಸ್ವೀಡನ್ನಿನ ನಮ್ಮ ಪ್ರಾಂತ್ಯದ ಹೆರಿಗೆ ಸೇವೆಯ ಮುಖ್ಯಾಧಿಕಾರಿಗಳೇ,

ನೀವು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ನಕ್ಷೆಯಲ್ಲಿ ನಮ್ಮ ಕಣಿವೆ ಕಡುಗೆಂಪು. ಹೆರುವ ತಾಯಂದಿರ ಮೈತೂಕ ಹೆಚ್ಚಿದಷ್ಟೂ ಬಣ್ಣ ಗಾಢವಂತೆ. ನೀವಿರುವ ಕರಾವಳಿ ಮಾತ್ರ ತಿಳಿಗುಲಾಬಿ. ಆ ಕೆಂಪಿನಲ್ಲಿ ಒಂದು ಚುಕ್ಕೆಯಂತೂ ಸುಳ್ಳು. ಅದನ್ನು ಇಟ್ಟವಳು ನಾನೇ.

ನಾವು ತೆಳ್ಳಗಿದ್ದೇವೆ ಎಂದು ವಾದಿಸಲು ಬಂದಿಲ್ಲ. ಆರು ತಿಂಗಳು ಹಿಮ, ಕೂತು ಮಾಡುವ ಕೆಲಸ, ಅಂಗಡಿಯಲ್ಲಿ ಸಾಸೇಜು ಅಗ್ಗ, ಸೌತೆಕಾಯಿ ದುಬಾರಿ. ಆದರೆ ಬಸುರಿಯರನ್ನು ತೂಗುತ್ತಿದ್ದ ಸೂಲಗಿತ್ತಿಯ ಕೇಂದ್ರಕ್ಕೆ ಬೀಗ ಜಡಿದು, ಆಮೇಲೆ ಅವರ ತೂಕದ ನಕ್ಷೆ ಬರೆಯುವುದು ಯಾವ ಸೀಮೆಯ ಶಾಸ್ತ್ರ, ಮಾನ್ಯರೇ?

ನನ್ನ ಸೊಸೆ ಸಿಗ್ನೆಗೆ ನಾಲ್ಕು ತಿಂಗಳಾದಾಗ ನಿಮ್ಮ ಕಚೇರಿಯಿಂದ ಫೋನು ಬಂತು. "ಮನೆಯ ತೂಕಯಂತ್ರ ಬೇಡ, ಸರ್ಕಾರಿ ಮುದ್ರೆ ಇರೋದ್ರಲ್ಲೇ ತೂಗಿ ಹೇಳಿ" ಎಂದರು. ನಮ್ಮೂರಲ್ಲಿ ಮುದ್ರೆ ಬಿದ್ದ ಯಂತ್ರ ಒಂದೇ. ಬೇಟೆ ತಂಡದವರು ಮೂಸ್ ಕಡವೆಯ ಮಾಂಸವನ್ನು ಸಮಪಾಲು ಮಾಡುವ ಗುಡಿಸಲಿನದು ಅದು. ತಂಡದ ಮುಖ್ಯಸ್ಥೆ ನಾನು, ಬೀಗದ ಕೈ ನನ್ನ ಬಳಿಯೇ ಇತ್ತು. ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿಯಲ್ಲಿ ಸಿಗ್ನೆಯನ್ನು ಅಲ್ಲಿಗೆ ಕರೆದೊಯ್ದೆ.

"ಅತ್ತೆ, ಬೂಟು ಬಿಚ್ಲಾ?" ಎಂದಳು.

"ಕಾಲು ಸೆಟೆದು ಹೋಗುತ್ತೆ ಕಣೆ, ಸುಮ್ನೆ ಹತ್ತು. ಒಂದೆರಡು ಕಿಲೋಗೆ ಏನಾಗುತ್ತೆ?"

"ಕಡವೆಗಾದ್ರೆ ಚರ್ಮ ಸುಲಿದು ತೂಗ್ತೀರ, ನಂಗೆ ಕೋಟೂ ಬಿಚ್ಚಿಸಲ್ಲ."

ಇಬ್ಬರೂ ನಕ್ಕೆವು. ತೊಂಬತ್ತೈದು ಕಿಲೋ ಎಂದು ಫೋನಿಗೆ ಒದರಿದವಳು ನಾನು. ಅತ್ತಲಿನವರು ಮೈಮೇಲೆ ಏನಿದೆ ಎಂದು ಕೇಳಲಿಲ್ಲ.

ಅವಳ ಎತ್ತರಕ್ಕೆ ನೀವು ಎಳೆದ ತೂಕದ ಗೆರೆ ತೊಂಬತ್ತಮೂರು ಎಂದು ಆಮೇಲೆ ತಿಳಿಯಿತು. ಗೆರೆಯೊಳಗಿದ್ದರೆ ಹೆರಿಗೆ ಅರವತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ. ದಾಟಿದರೆ ಇನ್ನೂರ ಹತ್ತು ಕಿಲೋಮೀಟರ್ ಆಚೆಯ ದೊಡ್ಡಾಸ್ಪತ್ರೆಯಲ್ಲಿ, ಅದರಲ್ಲಿ ಅರ್ಧ ದಾರಿ ಫೋನು ಸಿಗದ ಕಾಡು. ಹೆರಿಗೆ ಕಷ್ಟವಾಗಬಹುದಾದವಳನ್ನೇ ಹೆಚ್ಚು ದೂರ ಅಟ್ಟುವ ನಿಮ್ಮ ಜಾಣತನಕ್ಕೆ ನಾನೇನು ಹೇಳಲಿ? ಮತ್ತೆ ಫೋನು ಮಾಡಿ, ಬೂಟಿನದೇ ಎರಡು ಕಿಲೋ, ಕೋಟಿನದು ಬೇರೆ ಎಂದೆ.

"ಮೊದಲನೇ ತೂಕ ದಾಖಲಾದ್ಮೇಲೆ ಬದಲಾಯಿಸೋಕೆ ಬರಲ್ಲಮ್ಮ" ಎಂದರು. ಫೋನಿಡುವ ಮೊದಲು, "ಮುಂದೆ ಇಳಿದ್ರೆ ನೋಡೋಣ" ಎಂದೂ ಸೇರಿಸಿದರು.

ಪಕ್ಕದಲ್ಲಿದ್ದ ಸಿಗ್ನೆಯ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು. ಈಗ ಅವಳಿಗೆ ಎಂಟು ತಿಂಗಳು, ಮತ್ತು ಅವಳು ಅರೆಹೊಟ್ಟೆ ಉಣ್ಣುತ್ತಿದ್ದಾಳೆ. ನಿನ್ನೆ ಮಧ್ಯಾಹ್ನ ಮೀನಿನ ಸಾರಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹೊಟ್ಟೆಯೊಳಗಿರೋದಕ್ಕಾದ್ರೂ ತಿನ್ನೇ" ಎಂದೆ.

"ಎರಡು ಕಿಲೋ ಇಳಿದ್ರೆ ಹತ್ರದಲ್ಲೇ ಹೆರಬಹುದು ಅತ್ತೆ. ಆ ದಾರಿ ನೆನೆದ್ರೆ ಭಯ ಆಗುತ್ತೆ ನಂಗೆ."

ನನಗೂ ಭಯವಾಗುತ್ತಿದೆ, ದಾರಿಗಿಂತ ಆ ತಟ್ಟೆಯನ್ನು ನೋಡಿ.

ಕಡವೆಯ ತೂಕ ತಪ್ಪಿದರೆ ನಾವು ಪಾಲನ್ನು ವಾಪಸು ತರಿಸಿ ಮತ್ತೆ ತೂಗುತ್ತೇವೆ. ಹೆಣ್ಣಿಗೆ ಅಷ್ಟೂ ನ್ಯಾಯವಿಲ್ಲವೇ? ಈ ವಾರದೊಳಗೆ ಒಬ್ಬ ಸೂಲಗಿತ್ತಿಯನ್ನು ಯಂತ್ರದೊಂದಿಗೆ ಕಳಿಸಿ, ತಪ್ಪು ದಾಖಲೆಯನ್ನು ಹೊಡೆದುಹಾಕಿ. ಅಲ್ಲಿಯವರೆಗೆ ನಿಮ್ಮ ಮೊಹರು ಒತ್ತಿದ ಕಾಗದದಲ್ಲಿ ಸಿಗ್ನೆಗೆ ಒಂದೇ ಸಾಲು ಬರೆಯಿರಿ: ಊಟ ಮಾಡು, ಮಗಳೇ. ನನ್ನ ಮಾತನ್ನು ಅವಳು ಕೇಳುತ್ತಿಲ್ಲ.

ಇಂತಿ,
ಬೂಟು ಬಿಚ್ಚಿಸದೆ ತೂಗಿದ ಅತ್ತೆ,
ಹೆಲ್ವಿ ಲಂತೊ