ಪೀಠಿಕೆ ಮುಗಿಯುವ ಮೊದಲೇ ಹೋದ ಬಸ್ಸು

ಮಾರ್ಚ್ ೧೨, ಬುಧವಾರ

ಘನತೆವೆತ್ತ ನಾನು ಇಂದು ಕಣ್ಣು ಕಾಣದ ಅತ್ತೆಗೆ ಬಸ್ಸು ತಪ್ಪಿಸಿದೆ. ಅದೂ ಅವರು ಹೊಸ ಕೆಲಸಕ್ಕೆ ಒಬ್ಬರೇ ಹೊರಟ ಮೊದಲ ದಿನ. ಸ್ಟಾಪಿಗೆ ಬಂದ ಬಸ್ಸಿನ ನಂಬರು ಕೂಗಿ ಹೇಳುವ, ನಮ್ಮ ಕಚೇರಿ ಮಾಡಿದ ಆ್ಯಪಿಗೆ ದನಿ ಕೊಟ್ಟವನು ನಾನೇ. ಅತ್ತೆಯ ಫೋನಿಗೆ ಮಾತ್ರ ತಮಾಷೆಗೆಂದು, "ಮಹಾಜನಗಳೇ, ಗಜಗಮನದಿಂದ ಬಿಜಯಂಗೈಯುತ್ತಿರುವ..." ಎಂದು ಶುರುಮಾಡಿದ್ದೆ. ಹನ್ನೆರಡು ಎಂಬ ನಂಬರು ಹೇಳುವಷ್ಟರಲ್ಲಿ ಬಸ್ಸೇ ಹೊರಟುಹೋಗಿತ್ತು.

ಸಂಜೆ ಬೈಯುತ್ತಾರೆಂದುಕೊಂಡರೆ ನಕ್ಕರು. "ಪೀಠಿಕೆ ಜೋರಾಗಿತ್ತು ಕಣೋ, ಕೋತಿ. ಆಮೇಲಿನ ಬಸ್ಸನ್ನ ಪಕ್ಕದೋರನ್ನ ಕೇಳ್ಕೊಂಡು ಹತ್ತಿದೆ. ಇಪ್ಪತ್ತು ವರ್ಷದಿಂದ ಕೇಳ್ಕೊಂಡೇ ಹತ್ತಿದೀನಿ, ಇವತ್ತೊಂದಿನ ಕೇಳಬಾರದು ಅಂತಿದ್ದೆ."

ಬೈದಿದ್ದರೇ ಚೆನ್ನಾಗಿತ್ತು.

ಈಗ ಎರಡೇ ಮಾತು ಉಳಿಸಿದ್ದೇನೆ: "ಹನ್ನೆರಡು ಬಂತು." ಏಳು ಸಲ ರೆಕಾರ್ಡ್ ಮಾಡಿದೆ. ಬೇಗ ಹೇಳಬೇಕು, ಆದರೆ ಅತ್ತೆಯನ್ನು ಅವಸರಪಡಿಸಬಾರದು. ತಮಾಷೆ ಮಾಡದೆ ಮಾತಾಡುವಾಗ ನನ್ನ ದನಿ ಯಾಕೋ ಬೇರೆ ಯಾರದೋ ಅನ್ನಿಸುತ್ತದೆ.