ನೀವು ನನ್ನನ್ನು ನೋಡಿದ ಮೂರು ನಿಮಿಷ

ಮನೆಯಿಂದ,
ಗುರುವಾರ, ಹದಿನೇಳನೇ ತಾರೀಖು, ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಸೊಂಟನೋವು ಹೇಗಿದೆ? ರಕ್ತದೊತ್ತಡದ ಮಾತ್ರೆ ಚೀಲದ ಎಡಗಡೆಯ ಜೇಬಿನಲ್ಲಿದೆ. ತೆಗೆದುಕೊಂಡೇ ಮುಂದೆ ಓದಿ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ, ಮದುವೆಯಾದ ಈ ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಚೆನ್ನಾಗಿ ಕೋಪ ಬಂದಿರಲಿಲ್ಲ.

ಪ್ರದರ್ಶನಕ್ಕೆ ಹೊರಡುವಾಗ ನೀವು ಆ ಕ್ಯಾಮೆರಾ ಕನ್ನಡಕ ಸೆರೆಹಿಡಿದದ್ದನ್ನೆಲ್ಲ ನನ್ನ ಕಂಪ್ಯೂಟರಿಗೆ ಹಾಕಿ, "ನೀನು ಕಾಣಿಸೋ ಭಾಗ ಎಲ್ಲ ಒಟ್ಟು ಮಾಡಿ ಮೇಡಂಗೆ ಕಳಿಸಿಬಿಡು, ನನಗೆ ನೋಡೋಕೆ ಟೈಮಿಲ್ಲ" ಅಂದಿರಿ. ಗ್ಯಾಲರಿಯ ಮೇಡಂ ಆಸೆ ದೊಡ್ಡದು, ಪಾಪ. ಹೆಂಡತಿಯ ಮುಖವೊಂದನ್ನೇ ಬರೆದು ಹೆಸರು ಮಾಡಿದ ಚಿತ್ರಕಾರ ಬೆಳಗಿನಿಂದ ಸಂಜೆವರೆಗೆ ಆ ಹೆಂಡತಿಯನ್ನು ಹೇಗೆ ನೋಡುತ್ತಾನೆ ಎಂಬುದನ್ನು ಅವನ ಕಣ್ಣಿಂದಲೇ ಜನಕ್ಕೆ ತೋರಿಸಬೇಕು, ಅದೂ ಆ ಚಿತ್ರಗಳ ಎದುರಿನ ಗೋಡೆಯ ಮೇಲೆ. ಹನ್ನೊಂದು ದಿನ ನೀವು ಆ ಕನ್ನಡಕವನ್ನು ಮೂಗಿನ ಮೇಲೇರಿಸಿಕೊಂಡು ಮದುಮಗನ ಹಾಗೆ ಓಡಾಡಿದಿರಿ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು ನಾನು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ನನ್ನ ಅನ್ನ. ನಾಲ್ಕು ದಿನ ರಜೆ ಹಾಕಿ ಕೂತು ನೋಡಿದೆ.

ಕನ್ನಡಿಯಲ್ಲಿ ನಿಮ್ಮ ಮುಖ ಅರವತ್ತಮೂರು ಸಲ ಇದೆ. ಹಾಲಿನವರ ಹೊಸ ಸೈಕಲ್ಲನ್ನು ನಿಂತು ನಾಲ್ಕು ನಿಮಿಷ ನೋಡಿದ್ದೀರಿ. ಕಿಟಕಿಯ ಮೇಲಿನ ಇರುವೆಸಾಲಿಗೆ ಏಳು ನಿಮಿಷ. ಅದು ನಿಜಕ್ಕೂ ಚೆನ್ನಾಗಿ ಬಂದಿದೆ. ನಾನೂ ಇಲ್ಲವೆಂದಲ್ಲ. ಚಹಾ ಲೋಟ ಹಿಡಿದ ಕೈಯಾಗಿ, ಬಾಗಿಲಲ್ಲಿ ಮರೆಯಾಗುವ ಬೆನ್ನಾಗಿ, ಸಾಬೂನಿನ ನೊರೆ ಮೆತ್ತಿದ ಮೊಣಕೈಯಾಗಿ ಇದ್ದೇನೆ. ಕತ್ತಿನಿಂದ ಮೇಲೆ ಎಲ್ಲೂ ಇಲ್ಲ. ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಅಂತ ನಾಚಿಕೆಯಿಲ್ಲದೆ ಕಾದೆ. ಆರನೇ ದಿನ, ಸೊಂಟದವರೆಗಿದ್ದ ಕೂದಲನ್ನು ಕಿವಿಯ ತನಕ ಕತ್ತರಿಸಿಕೊಂಡು ಬಂದಿದ್ದೆ, ನೆನಪಿದೆಯೇ? ಇರಲಾರದು. ಊಟದ ಮೇಜಿನ ಎದುರು ನಿಂತು "ಹೇಗಿದೆ?" ಎಂದು ನಾನು ಕೇಳಿದ್ದು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಕನ್ನಡಕ ತಟ್ಟೆಯನ್ನೇ ನೋಡುತ್ತಿದೆ. "ಉಪ್ಪು ಸ್ವಲ್ಪ ಕಮ್ಮಿ" ಅಂದಿದ್ದೀರಿ.

ಅದನ್ನಾದರೂ ಮರೆತೇನು. ನೀವು ಚಿಲಕ ಹಾಕಿಕೊಂಡು ಚಿತ್ರ ಬರೆಯುವ ಕೋಣೆಯೊಳಗೆ ನಾನು ಹೋದದ್ದು ಈ ಕನ್ನಡಕದ ದೆಸೆಯಿಂದಲೇ. ಡ್ರಾಯರಿನಿಂದ ಒಂದು ಫೋಟೋ ತೆಗೆಯುತ್ತೀರಿ. ನಮ್ಮ ಮದುವೆಯ ವರ್ಷದ್ದು, ಮೇಲೆಲ್ಲ ಪೆನ್ಸಿಲಿನ ಚೌಕಗಳು. ಒಂದೊಂದೇ ಚೌಕವಾಗಿ ನನ್ನ ಇಪ್ಪತ್ತಮೂರರ ಮುಖವನ್ನು ಕ್ಯಾನ್ವಾಸಿಗೆ ಇಳಿಸಿ, ನಿಜದ ಹಾಗೆ ಕಾಣಲಿ ಅಂತ ಎರಡು ಬಿಳಿಕೂದಲು ಎಳೆಯುತ್ತೀರಿ. ಗೋಡೆಯಾಚೆ ಆ ಮುಖದ ಒಡತಿ ಪಾತ್ರೆ ತೊಳೆಯುತ್ತಿದ್ದಳಲ್ಲ, ಕರೆದಿದ್ದರೆ ಬರುತ್ತಿರಲಿಲ್ಲವೇ? ಪತ್ರಿಕೆಯವರೆದುರು ಎದೆ ತಟ್ಟಿಕೊಂಡು, "ಇವಳ ಮುಖ ದಿನಾ ನೋಡ್ತೀನಿ, ದಿನಾ ಹೊಸದಾಗಿ ಕಾಣುತ್ತೆ" ಅಂದವರು ನೀವೇ ತಾನೇ? ನನಗೆ ಹೊಟ್ಟೆ ಉರಿದುಹೋಯಿತು. ನಿಮ್ಮ ಮೇಲಂತೂ ಸರಿ, ಆ ಫೋಟೋದ ಹುಡುಗಿಯ ಮೇಲೂ ಉರಿಯಿತು.

ಅಳುತ್ತಾ ಕೂರುವವಳಲ್ಲ ನಾನು. ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ನಾನು ಕಾಣಿಸುವ ಭಾಗವೆಲ್ಲ ಸೇರಿ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಉಪ್ಪಿನ ಮಾತನ್ನೂ ಬಿಟ್ಟಿಲ್ಲ. ಕೊನೆಗೆ ಚೌಕದ ಫೋಟೋ. ಅದರಲ್ಲೂ ಇರುವವಳು ನಾನೇ ಅಲ್ಲವೇ? ಮೇಡಂ ಅದನ್ನು ನೋಡಿ, ಫೋನ್ ಮಾಡಿ, ಇದನ್ನೇ ಹಾಕೋಣ ಅಂದರು. ನಾಳೆಯಿಂದ ಮೂರು ವಾರ, ದಿನವಿಡೀ ಓಡುತ್ತದೆ. ಬಂದವರು ಈ ಗೋಡೆಯ ಮೇಲೆ ನನ್ನ ಮುಖ ನೋಡಲಿ, ತಿರುಗಿ ಆ ಗೋಡೆಯ ಮೇಲೆ ಮೊಣಕೈ ನೋಡಲಿ. ಬರೆಯುತ್ತಾ ಖುಷಿಯಾಗುತ್ತಿದೆ, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ನಿಮ್ಮ ಕುಂಚ ತೊಳೆದವಳಿಗೆ ಇಷ್ಟಾದರೂ ಸಿಗಬೇಡವೇ?

ಹೊತ್ತುಹೊತ್ತಿಗೆ ಊಟ ಮಾಡಿ, ತಣ್ಣೀರಿನ ಸ್ನಾನ ಬೇಡ. ಮೇಡಂಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಚಿತ್ರದವಳಲ್ಲ, ನಿಮ್ಮ ಹೆಂಡತಿ

ತಾ.ಕ.: ಆತುರದಲ್ಲಿ ಮುಖ್ಯ ಮಾತೇ ಬಿಟ್ಟುಹೋಯಿತು. ಮೇಡಂ ಈ ಪತ್ರವನ್ನು ನಿಮ್ಮ ಕೈಗಿಡುವುದು ನಾಳೆ ಉದ್ಘಾಟನೆಗೆ ಹತ್ತು ನಿಮಿಷ ಮುಂಚೆ. ಜೊತೆಗೆ ಆ ಕನ್ನಡಕವನ್ನೂ ಕೊಡುತ್ತಾರೆ, ಹಾಕಿಕೊಳ್ಳಿ. ನೀವು ಏನೇನು ನೋಡುತ್ತೀರೋ ಅದು ಆ ಕ್ಷಣವೇ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಆಮೇಲೆ ಮೈಕಿನಲ್ಲಿ, ಚಿತ್ರದಲ್ಲಿರುವವರು ಸಭೆಯಲ್ಲೇ ಕೂತಿದ್ದಾರೆ, ಕಲಾವಿದರೇ ಹೋಗಿ ಕೈಹಿಡಿದು ಕರೆತರಲಿ ಅನ್ನುತ್ತಾರೆ. ಹೌದು, ಒಂದು ಪ್ರದರ್ಶನಕ್ಕೂ ನೀವು ಕರೆದುಕೊಂಡು ಹೋಗದವಳು ಈ ಪತ್ರವನ್ನೂ ಹಿಡಿದುಕೊಂಡು ಬೆಳಗಿನ ರೈಲಿಗೆ ತಾನೇ ಬರುತ್ತಿದ್ದಾಳೆ. ನಾನು ಏಳುವುದಿಲ್ಲ, ನಗುವುದಿಲ್ಲ, ಸನ್ನೆಯನ್ನೂ ಮಾಡುವುದಿಲ್ಲ. ಗುರುತು ಹಿಡಿದರೆ ಒಟ್ಟಿಗೆ ಮನೆಗೆ ಬರೋಣ. ಹಿಡಿಯದಿದ್ದರೆ, ನನ್ನ ಹತ್ತಿರವಿದ್ದ ಮನೆಯ ಬೀಗದ ಕೈಯನ್ನು ಮೇಲಿನ ಮಹಡಿಯ ಟೀಚರಿಗೆ ಕೊಟ್ಟಿರುತ್ತೇನೆ, ಇಸ್ಕೊಳ್ಳಿ. ನನಗೆ ಅದು ಬೇಕಾಗುವುದಿಲ್ಲ.